ಬಸುರಿಯ ವಸಡಿಗೆ ಏನು ಕೊಳ್ಳಬೇಕು, ಏನು ಬಿಡಬೇಕು: ಹಾಸನದ ಮೆಡಿಕಲ್ ಕಪಾಟಿನ ವಿಮರ್ಶೆ

ಹಲ್ಲುಜ್ಜುವಾಗ ರಕ್ತ ಕಂಡ ಕೂಡಲೇ ಬಿ.ಎಂ. ರಸ್ತೆಯ ಮೆಡಿಕಲ್‌ಗಳಲ್ಲಿ ಹೆಚ್ಚಿನವರು ಕೇಳುವುದು ಮೌತ್‌ವಾಶ್. ಆದರೆ ಬಸುರಿಯರ ಮಟ್ಟಿಗೆ ಅದು ಕೊನೆಗೆ ಕೊಳ್ಳಬೇಕಾದ ಸಾಮಾನು. ಮೊದಲನೆಯದು ಬ್ರಶ್, ಎರಡನೆಯದು ಪೇಸ್ಟ್, ಮೂರನೆಯದು ಮೆಡಿಕಲ್‌ನಲ್ಲಿಲ್ಲ, ಪಕ್ಕದ ಕಿರಾಣಿ ಅಂಗಡಿಯಲ್ಲಿದೆ.

ಬ್ರಶ್ಶಿನ ಪ್ಯಾಕೆಟ್ ಮೇಲೆ ‘ಸಾಫ್ಟ್’ ಅಥವಾ ‘ಎಕ್ಸ್‌ಟ್ರಾ ಸಾಫ್ಟ್’ ಅಂತ ಇರಲಿ. ‘ಮೀಡಿಯಂ’ ಬೇಡ, ‘ಹಾರ್ಡ್’ ಅಂತೂ ಮುಟ್ಟಲೇಬೇಡಿ. ಬ್ರಶ್ಶಿನ ತಲೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಮೊದಲ ಮೂರು ತಿಂಗಳು ದವಡೆ ಹಲ್ಲಿಗೆ ಬ್ರಶ್ ಹೋದರೆ ಸಾಕು, ಓಕರಿಕೆ ಬರುತ್ತದೆ. ಅಂಥವರಿಗೆ ಮಕ್ಕಳ ಬ್ರಶ್ಶೇ ಸರಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ನಿಮ್ಮ ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನಲ್ಲಿ ಉಸಿರಾಡುತ್ತಾ ಉಜ್ಜಿದರೆ ಓಕರಿಕೆ ತಗ್ಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಆಗದಿದ್ದರೆ ತಿಂಡಿಯಾದ ಮೇಲೆ ಉಜ್ಜಲಿ.

ಉಜ್ಜುವ ಬಗೆಯಲ್ಲೇ ಹೆಚ್ಚಿನವರು ಎಡವುವುದು. ಬಸುರಿನಲ್ಲಿ ಪ್ರೊಜೆಸ್ಟರಾನ್, ಈಸ್ಟ್ರೊಜನ್ ಎಂಬ ಹಾರ್ಮೋನುಗಳು ಏರಿ ವಸಡಿಗೆ ರಕ್ತದ ಹರಿವು ಹೆಚ್ಚುತ್ತದೆ. ಹಲ್ಲಿನ ಬುಡದಲ್ಲಿ ಕೂತ ಚೂರು ಪಾಚಿಗೂ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಇದು ಸಾಮಾನ್ಯವಾಗಿ ಎರಡನೇ ತಿಂಗಳಲ್ಲಿ ಶುರುವಾಗಿ ಎಂಟನೇ ತಿಂಗಳ ಹೊತ್ತಿಗೆ ಜೋರಾಗುತ್ತದೆ. ರಕ್ತ ಬಂತೆಂದು ಆ ಜಾಗ ಬಿಟ್ಟು ಉಜ್ಜುತ್ತಾರೆ. ಪಾಚಿ ಅಲ್ಲೇ ಉಳಿಯುತ್ತದೆ, ವಸಡು ಇನ್ನಷ್ಟು ಊದುತ್ತದೆ, ಮರುದಿನ ರಕ್ತ ಇನ್ನೂ ಜಾಸ್ತಿ. ರಕ್ತ ಬರುವ ಕಡೆಯೇ ಬ್ರಶ್ ಹೋಗಬೇಕು. ಎಳೆಗಳನ್ನು ಹಲ್ಲೂ ವಸಡೂ ಕೂಡುವ ಗೆರೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಎರಡು-ಮೂರು ಹಲ್ಲಿಗೊಮ್ಮೆ ಸಣ್ಣಗೆ ಅಲುಗಿಸಿ. ಒತ್ತಬೇಡಿ. ಎರಡು ನಿಮಿಷ, ದಿನಕ್ಕೆ ಎರಡು ಸಲ, ರಾತ್ರಿಯದನ್ನು ತಪ್ಪಿಸಲೇಬಾರದು. ಎಳೆ ಬಾಗಿದರೆ, ಇಲ್ಲವೇ ಮೂರು ತಿಂಗಳಾದರೆ ಹೊಸ ಬ್ರಶ್.

ಪೇಸ್ಟಿನ ಜಾಹೀರಾತು ಬಿಟ್ಟು ಟ್ಯೂಬಿನ ಹಿಂಬದಿ ನೋಡಿ: ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಅಂತ ಬರೆದಿರಬೇಕು. ನಮ್ಮ ದೇಶದಲ್ಲಿ ಮಿತಿ 1000 ಪಿಪಿಎಂ, ಅದರ ಹತ್ತಿರ ಇರುವುದನ್ನು ಆರಿಸಿ. ಗಿಡಮೂಲಿಕೆ ಪೇಸ್ಟುಗಳಲ್ಲಿ ಎಷ್ಟೋ ಫ್ಲೋರೈಡ್ ಇಲ್ಲದವು; ಹುಳುಕು ತಡೆಯುವ ಕೆಲಸಕ್ಕೆ ಅವು ಸಾಲದು. ಅರಸೀಕೆರೆ ಕಡೆಯವರು ‘ನಮ್ಮ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಇದೆ, ಪೇಸ್ಟಲ್ಲೂ ಯಾಕೆ’ ಅನ್ನಬಹುದು. ನುಂಗುವ ನೀರಿನ ಲೆಕ್ಕವೇ ಬೇರೆ, ಉಜ್ಜಿ ಉಗಿಯುವ ಪೇಸ್ಟಿನ ಲೆಕ್ಕವೇ ಬೇರೆ. ಬಟಾಣಿ ಕಾಳಿನಷ್ಟು ಸಾಕು. ಉಗಿದ ಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ಅದರ ಜೊತೆ ಹೋಗುತ್ತದೆ. ಪುದೀನದ ಖಾರಕ್ಕೆ ಹೊಟ್ಟೆ ತೊಳಸುವವರು ಸಪ್ಪೆ ರುಚಿಯದನ್ನು ಹುಡುಕಲಿ. ಹಲ್ಲು ಬಿಳಿ ಮಾಡುವ ಪೇಸ್ಟೂ ಒರಟು ಹಲ್ಲುಪುಡಿಯೂ ಈಗ ಬೇಡ: ವಾಂತಿಯ ಆಮ್ಲಕ್ಕೆ ಮೆತ್ತಗಾದ ಎನಾಮಲ್ಲನ್ನು, ಅಂದರೆ ಹಲ್ಲಿನ ಹೊರಪದರವನ್ನು, ಅವು ಸವೆಸುತ್ತವೆ.

ಕಿರಾಣಿ ಅಂಗಡಿಯ ಸಾಮಾನು ಅಡುಗೆ ಸೋಡ. ನಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು, ಉಪಯೋಗದಲ್ಲಿ ದುಬಾರಿ ಬಾಟಲಿಗಿಂತ ಮೇಲು. ವಾಂತಿಯಾದ ತಕ್ಷಣ ಬ್ರಶ್ ಹಿಡಿಯಬಾರದು. ಒಂದು ಲೋಟ ನೀರಿಗೆ ಒಂದು ಟೀ ಚಮಚ ಸೋಡ ಕರಗಿಸಿ ಮುಕ್ಕಳಿಸಿ ಉಗಿಯಿರಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಬೇಕಿಂಗ್ ಪೌಡರ್ ತರಬೇಡಿ, ಅದರಲ್ಲಿ ಆಮ್ಲವೂ ಬೆರೆತಿರುತ್ತದೆ. ಬಟ್ಟೆ ಒಗೆಯುವ ಸೋಡವಂತೂ ಬಾಯಿ ಸುಡುತ್ತದೆ. ಹುಣಸೆ, ಮಾವಿನಕಾಯಿಯ ಬಯಕೆ ತೀರಿಸಿಕೊಂಡ ಮೇಲೂ ಬ್ರಶ್ಶಿಗೆ ಇದೇ ಅರ್ಧ ಗಂಟೆ ಬಿಡುವು.

ಇನ್ನು ಆ ಮೌತ್‌ವಾಶ್. ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣು ಕೊಲ್ಲುವ ಔಷಧ ಇರುವುದು ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ದಂತವೈದ್ಯರು ಹೇಳಿದಷ್ಟು ದಿನ ಮಾತ್ರ, ಸಾಮಾನ್ಯವಾಗಿ ಎರಡು ವಾರದೊಳಗೆ. ಆಲ್ಕೋಹಾಲ್ ಇಲ್ಲದ್ದೇ ಇರಲಿ. ಪೇಸ್ಟಿನ ನೊರೆ ಇದರ ಶಕ್ತಿ ಕುಂದಿಸುವುದರಿಂದ ಉಜ್ಜಿದ ಅರ್ಧ ಗಂಟೆಯ ಮೇಲೆ ಬಳಸಿ. ಹಲ್ಲಿನ ಮೇಲೆ ಕಂದು ಕಲೆ ಕೂರಿಸುವುದು ಇದರ ದೊಡ್ಡ ದೋಷ, ಜೊತೆಗೆ ಕಾಫಿ ಸೇರಿದರೆ ಕಲೆ ಇನ್ನೂ ಗಾಢ. ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಕಾಫಿ ಬಿಡಿ ಅಂದರೆ ಯಾರು ಕೇಳುತ್ತಾರೆ! ಹಾಗಾಗಿ ಮುಕ್ಕಳಿಸಿದ ಕೂಡಲೇ ಕುಡಿಯಬೇಡಿ ಅನ್ನೋಣ. ಲವಂಗದ ಎಣ್ಣೆಯನ್ನು ನೇರ ವಸಡಿಗೆ ಹಚ್ಚಿದರೆ ಚರ್ಮ ಬೆಳ್ಳಗೆ ಸುಡುತ್ತದೆ, ಅದು ಬೇಡ.

ಗಟ್ಟಿಯಾದ ಪಾಚಿಯನ್ನು ಅಂಗಡಿಯ ಯಾವ ಸಾಮಾನೂ ಕೀಳುವುದಿಲ್ಲ, ದಂತವೈದ್ಯರು ಉಪಕರಣದಿಂದ ಅದನ್ನು ಕೆರೆದು ತೆಗೆಯುವ ಸ್ಕೇಲಿಂಗೇ ಆಗಬೇಕು. ನಾಲ್ಕರಿಂದ ಆರನೇ ತಿಂಗಳು ಎಲ್ಲಕ್ಕಿಂತ ಅನುಕೂಲದ ಕಾಲ. ನೋವೋ ಕೀವೋ ಇದ್ದರೆ ತಿಂಗಳು ಎಣಿಸುತ್ತಾ ಕೂರಬಾರದು. ಊರಲ್ಲೇ ಶ್ರೀ ಹಾಸನಾಂಬ ದಂತ ಕಾಲೇಜಿದೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೂ ಕೆಲಸ ಮಾಡುವುದರಿಂದ ಹೊತ್ತು ಹೆಚ್ಚು ಹಿಡಿಯಬಹುದು, ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ. ತಾಯಿ ಕಾರ್ಡ್ ತೋರಿಸಿ, ಎಷ್ಟನೇ ತಿಂಗಳು, ಯಾವ ಮಾತ್ರೆ ನಡೆದಿದೆ, ಬಿಪಿ-ಶುಗರ್ ಇದೆಯೇ ಎಂದು ಮೊದಲೇ ಹೇಳಿ. ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ನಿಗೂ ರಕ್ಷಣೆಯ ಏಪ್ರನ್ ಹಾಕಿ ತೆಗೆಯುವ ಒಂದು ಎಕ್ಸ್‌ರೇಗೂ ಹೆದರಬೇಕಿಲ್ಲ. ಏಳನೇ ತಿಂಗಳ ಮೇಲೆ ಕುರ್ಚಿಯಲ್ಲಿ ಪೂರ್ತಿ ಅಂಗಾತ ಮಲಗಿದರೆ ಗರ್ಭದ ಭಾರಕ್ಕೆ ದೊಡ್ಡ ರಕ್ತನಾಳ ಅದುಮಿ ತಲೆ ಸುತ್ತುತ್ತದೆ. ಬಲ ಸೊಂಟದ ಕೆಳಗೆ ಸಣ್ಣ ದಿಂಬು ಕೇಳಿ ಪಡೆದು ಎಡಕ್ಕೆ ವಾಲಿಕೊಳ್ಳಿ.

ನೋವಿಗೆಂದು ಮೆಡಿಕಲ್‌ನವರು ಕೊಟ್ಟ ಐಬುಪ್ರೊಫೆನ್ ನುಂಗಬೇಡಿ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಆಗುತ್ತದೆ. ಡಾಕ್ಸಿಸೈಕ್ಲಿನ್, ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ಗಳು ಮಗುವಿನ ಹಲ್ಲಿಗೆ ಬಣ್ಣ ಹಿಡಿಸುತ್ತವೆ, ಮನೆಯಲ್ಲಿ ಉಳಿದ ಮಾತ್ರೆ ಪಟ್ಟಿಯಿಂದ ಒಂದನ್ನೂ ಕೀಳಬೇಡಿ. ಎರಡು ಹಲ್ಲಿನ ನಡುವೆ ವಸಡು ಕೆಂಪು ಗಂಟಿನಂತೆ ಬೆಳೆದರೆ ಅದು ಹೆಚ್ಚಾಗಿ ಹೆರಿಗೆಯ ನಂತರ ಕುಗ್ಗುತ್ತದೆ, ಆದರೂ ಒಮ್ಮೆ ದಂತವೈದ್ಯರಿಗೆ ತೋರಿಸಿ. ಕೆನ್ನೆ ಊದಿ ಜ್ವರ ಬಂದರೆ ಮಾತ್ರ ಮುಂದಿನ ತಪಾಸಣೆ ತನಕ ಕಾಯದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.