ದೂರ ಸಂವೇದಿ ವಿಡಿಯೋ ಪಾಠಗಳು: ಗಂಗಾವತಿಯ ತರಗತಿಯಲ್ಲಿ ಬಳಸಿ ಕಂಡಂತೆ

ಪದವಿ ತರಗತಿಯ ಭೂಗೋಳ ವಿದ್ಯಾರ್ಥಿಗಳಿಗೆ ಉಪಗ್ರಹ ಚಿತ್ರಗಳಿಂದ ನೆಲದ ಸ್ಥಿತಿಯನ್ನು ಅರಿಯುವ ದೂರ ಸಂವೇದಿ (ರಿಮೋಟ್ ಸೆನ್ಸಿಂಗ್) ತಂತ್ರಜ್ಞಾನವನ್ನು ಕಲಿಸಲು ಕೆಲವು ವರ್ಷಗಳಿಂದ ಎರಡು ಬಗೆಯ ವಿಡಿಯೋ ಪಾಠಗಳನ್ನು ಬಳಸುತ್ತಿದ್ದೇನೆ. ಒಂದು, ಡೆಹ್ರಾಡೂನಿನ ಭಾರತೀಯ ದೂರ ಸಂವೇದಿ ಸಂಸ್ಥೆಯ ಉಚಿತ ಪಾಠಗಳು. 2007ರಲ್ಲಿ ಎಜುಸ್ಯಾಟ್ ಉಪಗ್ರಹದ ಮೂಲಕ ಆರಂಭವಾದ ಈ ಕಾರ್ಯಕ್ರಮ ಈಗ ಅಂತರ್ಜಾಲದಲ್ಲಿ ನಡೆಯುತ್ತದೆ. ಇನ್ನೊಂದು, ಖಾಸಗಿ ಕಂಪನಿಯೊಂದರಿಂದ ಹಣ ಕೊಟ್ಟು ಪಡೆದ, ನಕ್ಷೆ ಮತ್ತು ಉಪಗ್ರಹ ಚಿತ್ರಗಳನ್ನು ಬಳಸುವ ಕ್ಯೂಜಿಐಎಸ್ ತಂತ್ರಾಂಶದ ಅಭ್ಯಾಸಕ್ಕೆ ಮೀಸಲಾದ ಕೋರ್ಸು. ತಂತ್ರಾಂಶ ನಡೆಸುವುದನ್ನು ಕಲಿಸಲು ವಿಡಿಯೋ ಬಹಳ ಅನುಕೂಲ; ಉಪಗ್ರಹ ಚಿತ್ರವನ್ನು ಓದುವುದನ್ನು ಮಾತ್ರ ಅದಕ್ಕೇ ಒಪ್ಪಿಸಿ ಕೂರಲಾಗದು.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಬೇರೆ ಬೇರೆ ಬಣ್ಣದ ಬೆಳಕನ್ನು ಬೇರೆ ಬೇರೆ ಪದರಗಳಲ್ಲಿ, ಅಂದರೆ ಬ್ಯಾಂಡುಗಳಲ್ಲಿ, ದಾಖಲಿಸಿರುತ್ತಾರೆ. ನಾಲ್ಕನೇ ಬ್ಯಾಂಡಾದ ಕೆಂಪು ಮತ್ತು ಎಂಟನೇ ಬ್ಯಾಂಡಾದ, ಕಣ್ಣಿಗೆ ಕಾಣದ ಸಮೀಪ ಅವಗೆಂಪನ್ನು ತೆಗೆದುಕೊಂಡು, ಅವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ, ಹಸಿರು ಎಷ್ಟಿದೆಯೆಂದು ತೋರಿಸುವ ಸಸ್ಯ ಸೂಚ್ಯಂಕ ಪಡೆಯುವ ಕ್ರಮವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ವಿವರಿಸಿದರೂ ಸಾಲುತ್ತಿರಲಿಲ್ಲ. ವಿಡಿಯೋವನ್ನು ನಿಲ್ಲಿಸಿ, ಆ ಹಂತವನ್ನು ಕನ್ನಡದಲ್ಲಿ ಹೇಳಿ, ವಿದ್ಯಾರ್ಥಿಗಳೇ ಮಾಡಿದ ಮೇಲೆ ಮುಂದಕ್ಕೆ ಓಡಿಸಿದರೆ ಹಿಂದುಳಿಯುವವರು ಕಡಿಮೆ. ತರಗತಿ ತಪ್ಪಿಸಿಕೊಂಡವರು ಮನೆಯಲ್ಲಿ ನೋಡಿಕೊಳ್ಳುತ್ತಾರೆ. ಆದರೆ ಡೇಟಾ ಉಳಿಸಲು ಮೊಬೈಲಿನಲ್ಲಿ 360ಪಿ ಗುಣಮಟ್ಟಕ್ಕೆ ಇಳಿಸಿದಾಗ ಮೆನುವಿನ ಅಕ್ಷರಗಳೇ ಕಾಣುವುದಿಲ್ಲ.

ನಿಜವಾದ ತೊಡಕು ಬಣ್ಣದ್ದು. ಅಂತರ್ಜಾಲದ ಸಾಮಾನ್ಯ ವಿಡಿಯೋಗಳಲ್ಲಿ ಬಣ್ಣದ ಮಾಹಿತಿಯನ್ನು ಹೊಳಪಿನ ಮಾಹಿತಿಗಿಂತ ಅಡ್ಡಕ್ಕೂ ಉದ್ದಕ್ಕೂ ಅರ್ಧದಷ್ಟೇ ಉಳಿಸಿಕೊಳ್ಳುವುದರಿಂದ, ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣ ಒಂದರೊಳಗೊಂದು ಹರಡಿಕೊಳ್ಳುತ್ತದೆ. ಸೆಂಟಿನೆಲ್-2ರ ಈ ಬ್ಯಾಂಡುಗಳ ಒಂದು ಪಿಕ್ಸೆಲ್ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಗುಂಟೆ. ಎಕರೆಗೆ ಸುಮಾರು 40 ಪಿಕ್ಸೆಲ್ ಸಿಗುವ ಚಿತ್ರದಲ್ಲಿ ಬದುವಿನ ಆಚೆ ಭತ್ತ, ಈಚೆ ಬೀಳು ಎಂಬುದನ್ನು ಗುರುತಿಸಬೇಕಾದಾಗ ಈ ಹರಡುವಿಕೆ ಸಣ್ಣ ದೋಷವಲ್ಲ. ಹೀಗಾಗಿ ವಿಡಿಯೋ ಮುಗಿದ ಕೂಡಲೇ ಮೂಲ ಚಿತ್ರವನ್ನೇ ತೆರೆಸುತ್ತೇನೆ.

ಪಾಠಗಳ ಉದಾಹರಣೆಗಳೂ ಬೇರೆ ಸೀಮೆಯವು. ಸಮೀಪ ಅವಗೆಂಪನ್ನು ಕೆಂಪಾಗಿ ತೋರಿಸುವ, ಹಾಗಾಗಿ ಹಸಿರು ಗಿಡಗಳೇ ಕೆಂಪಾಗಿ ಕಾಣುವ ಹುಸಿಬಣ್ಣದ ಚಿತ್ರವನ್ನಿಟ್ಟು, ಖಾಸಗಿ ಕೋರ್ಸಿನಲ್ಲಿ ಗಾಢ ಕೆಂಪು ಎಂದರೆ ಕಾಡು ಎಂದು ತೋರಿಸಿ ಮುಂದೆ ಸಾಗುತ್ತಾರೆ. ಅದನ್ನೇ ನಂಬಿದ ಹುಡುಗರು ತುಂಗಭದ್ರಾ ಎಡದಂಡೆ ನಾಲೆಯ ಕೆಳಗಿನ ಭತ್ತದ ಬಯಲನ್ನೆಲ್ಲ ಕಾಡಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ನಾಟಿಯ ಹೊತ್ತಿಗೆ ನೀರು ನಿಂತು ಕಪ್ಪಾಗಿ ಕಾಣುವ ಅದೇ ಗದ್ದೆ, ಪೈರು ಬೆಳೆದಂತೆ ಕೆಂಪಾಗಿ, ಕೊಯ್ಲಿನ ನಂತರ ಮಂಕಾಗುವುದನ್ನು ಬೇರೆ ಬೇರೆ ತಿಂಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಾಗಲೇ ಗೊಂದಲ ತೀರುವುದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ನಂತರ, ನೀರು ಎಷ್ಟು ಹಿಂದೆ ಸರಿಯಿತೆಂದು ಚಿತ್ರದಲ್ಲಿ ನೋಡುವ ಆಸೆ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಹುಟ್ಟಿತು. ಮಳೆಗಾಲದ ಮೋಡದಲ್ಲಿ ಸೆಂಟಿನೆಲ್-2ನ್ನು ನೆಚ್ಚಿಕೊಳ್ಳಲಾಗದು. ಮೋಡವನ್ನು ಹಾಯ್ದು ನೋಡುವ ಸೆಂಟಿನೆಲ್-1ರ ರಾಡಾರ್ ಚಿತ್ರವೇ ಬೇಕು. ಶಾಂತ ನೀರು ರಾಡಾರ್ ಅಲೆಯನ್ನು ಕನ್ನಡಿಯಂತೆ ಆಚೆಗೆ ಪ್ರತಿಫಲಿಸುವುದರಿಂದ ಕಪ್ಪಾಗಿ ಕಾಣುತ್ತದೆ ಎಂಬ ತತ್ತ್ವವನ್ನು ಉಚಿತ ಪಾಠಗಳಿಂದಲೇ ಕಲಿಸಲು ಸಾಧ್ಯವಾಯಿತು. ಗಾಳಿ ಬೀಸಿ ಅಲೆಯೆದ್ದ ಹಿನ್ನೀರು ಬೆಳ್ಳಗೆ ಕಾಣಬಹುದು, ನೀರು ಕಟ್ಟಿದ ನಾಟಿ ಗದ್ದೆ ಕೆರೆಯಂತೆ ಕಪ್ಪಾಗಬಹುದು ಎಂಬ ಎಚ್ಚರಿಕೆಯನ್ನು ಮಾತ್ರ ನಾನೇ ಸೇರಿಸಬೇಕಾಯಿತು. ನಾಟಿಯ ತಿಂಗಳು ಯಾವುದೆಂದು ನನಗಿಂತ ಚೆನ್ನಾಗಿ ಬಲ್ಲ ರೈತರ ಮಕ್ಕಳು ತರಗತಿಯಲ್ಲಿದ್ದುದರಿಂದ ಆ ಪಾಠ ಸಲೀಸಾಯಿತು.

ಹಣ ಕೊಟ್ಟ ಕೋರ್ಸನ್ನು ಕಂಪನಿ ನವೀಕರಿಸಿಲ್ಲ. ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಮೆನುಗಳು ಸ್ಥಳ ಬದಲಿಸಿರುವುದರಿಂದ ಹೊಸಬರು ಅಲ್ಲಲ್ಲೇ ಸಿಕ್ಕಿಬೀಳುತ್ತಾರೆ, ಕೇಳಿದ ಪ್ರಶ್ನೆಗೆ ಉತ್ತರವೂ ಬಂದಿಲ್ಲ. ಮತ್ತೆ ಕೊಳ್ಳುವ ಯೋಚನೆ ನನಗಿಲ್ಲ. ಉಚಿತ ಪಾಠಗಳನ್ನು ಕಲ್ಯಾಣ ಕರ್ನಾಟಕದ ಯಾವ ಭೂಗೋಳ ಅಧ್ಯಾಪಕರಾದರೂ ಧೈರ್ಯವಾಗಿ ಆರಂಭಿಸಬಹುದು. ತಮ್ಮ ತಾಲ್ಲೂಕಿನ ಎರಡು ಹಂಗಾಮಿನ ಚಿತ್ರಗಳನ್ನು ಮೊದಲೇ ಇಳಿಸಿಕೊಂಡಿರಲಿ, ತರಗತಿಯಲ್ಲಿ ನೆಟ್‌ವರ್ಕ್ ನಂಬಿ ಕೂರುವುದು ಬೇಡ.