ನಾರ್ಮ್‌ಲೆಕ್ಸ್: ಐದಕ್ಕೆ ಮೂರೂವರೆ

ಕಾರ್ಮಿಕ ಸಂಘದ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವಳು ನಾನು. ಮುಷ್ಕರದ ನೋಟಿಸ್ ಕೊಟ್ಟ ಮರುದಿನವೇ ನಮ್ಮ ಕಾರ್ಯದರ್ಶಿಯನ್ನು ಪೊಲೀಸರು ಕರೆದೊಯ್ದರು. ಸಂಜೆ ಅವರ ಹೆಂಡತಿ ಕಚೇರಿಗೆ ಬಂದು ಕೇಳಿದ್ದು ಒಂದೇ ಮಾತು: “ಜಿನೀವಾಕ್ಕೆ ದೂರು ಕೊಡಬಹುದಂತಲ್ಲ ಅಕ್ಕಾ, ನಾನೇ ಬರೆದ್ರೆ ಆಗಲ್ವಾ?” ಅವತ್ತು ರಾತ್ರಿ ಉತ್ತರ ಹುಡುಕುತ್ತಾ ತೆರೆದದ್ದು ನಾರ್ಮ್‌ಲೆಕ್ಸ್. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) ಜಾಲತಾಣ ಅದು, ಅಲ್ಲಿಗೆ ಬಂದ ದೂರುಗಳ ಕಡತವೂ ಅದರಲ್ಲೇ ಇದೆ. ದುಡ್ಡು ಕೊಡಬೇಕಿಲ್ಲ.

ಆಗಲ್ಲ ಅನ್ನುವುದೇ ಉತ್ತರ. ಇಂಥ ದೂರು ನೋಡುವ, 1951ರಲ್ಲಿ ಹುಟ್ಟಿದ ಐಎಲ್‌ಒದ ಸಂಘಟನಾ ಸ್ವಾತಂತ್ರ್ಯ ಸಮಿತಿ ಒಬ್ಬೊಬ್ಬರ ಅರ್ಜಿ ತೆಗೆದುಕೊಳ್ಳುವುದಿಲ್ಲ. ಸಂಘವೇ ಸಹಿ ಹಾಕಿ ಬರೆಯಬೇಕು. ಆದರೆ ಸಂಘ ಕಟ್ಟುವ, ಒಟ್ಟಾಗಿ ಚೌಕಾಸಿ ಮಾಡುವ ಹಕ್ಕಿನ ಐಎಲ್‌ಒ ಒಡಂಬಡಿಕೆಗಳನ್ನು (87 ಮತ್ತು 98ನೇದು) ದೇಶ ಅನುಮೋದಿಸದಿದ್ದರೂ ದೂರಿಗೆ ಅಡ್ಡಿಯಿಲ್ಲ. ಭಾರತವೂ ಅನುಮೋದಿಸಿಲ್ಲ, ಅಮೆರಿಕವೂ ಅನುಮೋದಿಸಿಲ್ಲ.

ನಾವು ಕರಡು ತಿದ್ದುತ್ತಿರುವಾಗಲೇ, ಮೂರನೇ ದಿನ, ಕಾರ್ಯದರ್ಶಿ ಮನೆಗೆ ಬಂದರು. ಕೇಸೂ ಇಲ್ಲ, ಕಾಗದವೂ ಇಲ್ಲ. ದೂರು ಹೋಗಲಿಲ್ಲ. ನನಗೆ ಮಾತ್ರ ಈ ತಾಣದ ಚಟ ಹತ್ತಿತು.

ಪ್ರಕರಣ ಸಂಖ್ಯೆ 1865 ಹಾಕಿ ನೋಡಿ. ದಕ್ಷಿಣ ಕೊರಿಯಾದ್ದು. 1995ರ ನವೆಂಬರ್‌ನಲ್ಲಿ ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟ ಕೆಸಿಟಿಯುವಿನ ಅಧ್ಯಕ್ಷ ಕ್ವೊನ್ ಯಂಗ್-ಗಿಲ್ ಬಂಧನವಾಗುತ್ತದೆ, ಡಿಸೆಂಬರ್‌ನಲ್ಲಿ ದೂರು. ಆಮೇಲೆ ವರದಿಯ ಮೇಲೆ ವರದಿ: ದೂರುದಾರರು ಹೀಗಂದರು, ಸರ್ಕಾರ ಹೀಗಂದಿತು, ಸಮಿತಿ ಹೀಗೆ ಕೇಳುತ್ತದೆ. ಸರ್ಕಾರ ತಡವರಿಸಿದ್ದು, ಮಾತು ತಿರುಗಿಸಿದ್ದು ಎಲ್ಲ ಅಲ್ಲೇ ಇದೆ, ಯಾರೂ ಅಳಿಸಿಲ್ಲ. ಇಪ್ಪತ್ತು ವರ್ಷದ ಮೇಲೆ ಅದೇ ಒಕ್ಕೂಟದ ಇನ್ನೊಬ್ಬ ಅಧ್ಯಕ್ಷ ಹಾನ್ ಸಾಂಗ್-ಗ್ಯುನ್ ಜೈಲು ಸೇರಿ 2018ರಲ್ಲಿ ಹೊರಬಂದರು. ಕೊರಿಯಾ ಆ ಎರಡೂ ಒಡಂಬಡಿಕೆಗಳನ್ನು ಅನುಮೋದಿಸಿದ್ದು 2021ರಲ್ಲಿ. ನಡುರಾತ್ರಿವರೆಗೆ ಓದಿದೆ, ಕಾದಂಬರಿಗೂ ಇಷ್ಟು ನಿದ್ದೆ ಕೆಡಿಸಿಕೊಂಡವಳಲ್ಲ.

ನಿಧಾನವೇ ಇದರ ದೊಡ್ಡ ಕೊರತೆ. ಸಮಿತಿ ಸೇರುವುದು ವರ್ಷಕ್ಕೆ ಮೂರು ಸಲ. ಜೀವಕ್ಕೆ, ವ್ಯಕ್ತಿಸ್ವಾತಂತ್ರ್ಯಕ್ಕೆ ಸಂಬಂಧಿಸಿದ ದೂರುಗಳನ್ನು ಮೊದಲು ನೋಡುತ್ತಾರೆ, ಸರಿ. ಸರ್ಕಾರ ಬಾಯಿ ಬಿಡದಿದ್ದರೆ ‘ತುರ್ತು ಮನವಿ’ ಹೊರಡಿಸಿ, ಮುಂದಿನ ಸಭೆಯಲ್ಲಿ ನಿಮ್ಮ ಉತ್ತರವಿಲ್ಲದೆಯೂ ತೀರ್ಮಾನಿಸಬಹುದು ಅನ್ನುತ್ತಾರೆ. ಲಾಕಪ್ಪಿನಲ್ಲಿ ಕೂತವನಿಗೆ ಮುಂದಿನ ಸಭೆ ಅಂದರೆ ತಿಂಗಳುಗಳು. ಬೆಲಾರೂಸ್ ನೋಡಿ: 2004ರಲ್ಲೇ ಐಎಲ್‌ಒದ ವಿಚಾರಣಾ ಆಯೋಗದ ವರದಿ ಬಂತು, ಶಿಫಾರಸು ಪಾಲಿಸದ ದೇಶದ ಮೇಲೆ ಕ್ರಮಕ್ಕೆ ದಾರಿ ಕೊಡುವ ಐಎಲ್‌ಒ ಸಂವಿಧಾನದ 33ನೇ ವಿಧಿ ಬಳಸಿದ್ದು 2023ರಲ್ಲಿ. ಅಷ್ಟರೊಳಗೆ, 2022ರ ಏಪ್ರಿಲ್‌ನಲ್ಲಿ, ಅಲ್ಲಿನ ಕಾರ್ಮಿಕ ನಾಯಕ ಅಲೆಕ್ಸಾಂಡರ್ ಯಾರೋಶುಕ್ ಒಳಗೆ ಹೋಗಿದ್ದರು. ಆಗ ಅವರು ಐಎಲ್‌ಒ ಆಡಳಿತ ಮಂಡಳಿಯ ಸದಸ್ಯರೇ ಆಗಿದ್ದರು! ಶಿಫಾರಸು ಮಾಡುವ ಸಮಿತಿಗೆ ಪೊಲೀಸರಿಲ್ಲ, ಬೀಗದ ಕೈಯೂ ಇಲ್ಲ.

ಇನ್ನೊಂದು ತೊಡಕು ಭಾಷೆ. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಬಿಟ್ಟರೆ ನಮ್ಮಂಥವರಿಗೆ ಗತಿಯಿಲ್ಲ. ವಾಕ್ಯಗಳೂ ನೀಳ. ಹೊಸಬರು ವರದಿಯ ಕೊನೆಯ ಶಿಫಾರಸುಗಳಿಂದ ಓದಲು ಶುರುಮಾಡಿ, ಆಮೇಲೆ ಹಿಂದಕ್ಕೆ ಹೋಗಿ.

ಮೂರರ ಮೇಲೆ ಆ ಅರ್ಧ ಅಂಕ ಕೊಟ್ಟಿದ್ದು ಸಮಿತಿಯ ತೀರ್ಮಾನಗಳ ಸಂಕಲನಕ್ಕೆ. 2018ರ ಆರನೇ ಆವೃತ್ತಿ, ವಿಷಯವಾರು ಜೋಡಿಸಿದ್ದಾರೆ. ನಮ್ಮ ವಕೀಲರು ಈಗ ಪ್ರತಿ ಅರ್ಜಿಯಲ್ಲೂ ಅದರದೊಂದು ಪ್ಯಾರಾ ಸೇರಿಸುತ್ತಾರೆ. ಬಂಧನದ ಭಾಗದಿಂದ ಕೆಲವನ್ನು ನಾನೇ ಕನ್ನಡಕ್ಕೆ ತಂದು ಕಚೇರಿಯ ಬೋರ್ಡಿಗೆ ಅಂಟಿಸಿದ್ದೇನೆ. ನ್ಯಾಯವಾದ ಸಂಘದ ಕೆಲಸಕ್ಕಾಗಿ ನಾಯಕರನ್ನು ಸ್ವಲ್ಪ ಹೊತ್ತು ಬಂಧಿಸಿದರೂ ಅದು ಸಂಘಟನಾ ಸ್ವಾತಂತ್ರ್ಯದ ಉಲ್ಲಂಘನೆ ಅನ್ನುವುದು ಅದರಲ್ಲೊಂದು.

ಕಾರ್ಯದರ್ಶಿ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದರು. “ಅಲ್ಲಮ್ಮ,” ಅಂದರು, “ಮೂರು ದಿನ ಅಂದ್ರೆ ಸ್ವಲ್ಪ ಹೊತ್ತಾ?”