ಪೆಡಲ್‌ಗೆ ಪವರ್ ಬಾಕ್ಸ್ ಮಾಡಿಸುವವರೇ, ದುಡ್ಡು ಕೊಡುವ ಮೊದಲು ತಳದ ಪ್ಲೇಟ್ ಬಿಚ್ಚಿಸಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಶಿರಸಿಯಲ್ಲಿ ಒಬ್ಬರು ಗಿಟಾರ್ ಪೆಡಲ್‌ಗಳಿಗೆ (ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಬದಲಿಸುವ ಪೆಟ್ಟಿಗೆಗಳು) ಕರೆಂಟ್ ಕೊಡುವ ಪವರ್ ಬಾಕ್ಸ್, ಬೈಪಾಸ್ ಸ್ವಿಚ್ ಎಲ್ಲ ಮಾಡಿಕೊಡುತ್ತಾರೆ. ಹೆಸರು ಹಾಕುವುದಿಲ್ಲ. ಆದರೆ ಅವರು ಮಾಡಿದ್ದನ್ನು ಹೇಳದೆ ಇರಲಿಕ್ಕೂ ಆಗುವುದಿಲ್ಲ. 4,500 ರೂಪಾಯಿ ತಗೊಂಡು ನನಗೆ ಮೋಸ ಮಾಡಿದ್ದಾರೆ. ದುಡ್ಡು ಹೋಗಲಿ, ಅಷ್ಟು ಜನರ ಎದುರು ಸ್ಟೇಜ್ ಮೇಲೆ ಮರ್ಯಾದೆ ಹೋಯಿತಲ್ಲ, ಅದನ್ನು ಯಾರು ಕೊಡುತ್ತಾರೆ?

ನಾನು ಕೇಳಿದ್ದು ದೊಡ್ಡದೇನಲ್ಲ. ಒಂದು 9 ವೋಲ್ಟ್ ಅಡಾಪ್ಟರ್ ಹಾಕಿದರೆ ಒಂದು ಕಡೆ 9 ವೋಲ್ಟ್ ಬರಬೇಕು, ಇನ್ನೊಂದು ಕಡೆ 18 ವೋಲ್ಟ್ ಬರಬೇಕು. ನನ್ನ ಓವರ್‌ಡ್ರೈವ್ (ಸದ್ದನ್ನು ಗಡುಸು ಮಾಡುವ ಪೆಡಲ್) 18ರಲ್ಲಿ ಓಡಿಸಿದರೆ ಜೋರಾಗಿ ಬಾರಿಸಿದಾಗಲೂ ಸ್ವರ ಒಡೆಯುವುದಿಲ್ಲ, ಅದಕ್ಕೆ. ಜೊತೆಗೆ ಅದೇ ಪೆಟ್ಟಿಗೆಯಲ್ಲಿ ಟ್ರೂ ಬೈಪಾಸ್ ಸ್ವಿಚ್, ಎಲ್‌ಇಡಿ. ಪೆಡಲ್ ಬೇಡ ಅಂದಾಗ ಗಿಟಾರ್ ಸಿಗ್ನಲ್ ಪೆಡಲನ್ನು ಮುಟ್ಟದೆ ನೇರ ಆಂಪ್ಲಿಫೈಯರ್‌ಗೆ ಹೋಗಬೇಕು. ಅಷ್ಟೇ.

ವೋಲ್ಟೇಜ್ ಡಬಲ್ ಮಾಡಲು ಚಾರ್ಜ್ ಪಂಪ್ ಅನ್ನುವ ಐಸಿ, ಅಂದರೆ ಚಿಪ್, ಬೇಕು ಅಂತ ಗೊತ್ತಿರುವವರಿಗೆ ಗೊತ್ತು. ನಾನು ಮೊದಲೇ ಸ್ಪಷ್ಟವಾಗಿ ಹೇಳಿದ್ದೆ, ಎಲ್‌ಟಿ1054 ಅನ್ನುವ ಐಸಿ ಹಾಕಿ ಅಂತ. ಅದು 15 ವೋಲ್ಟ್ ತನಕ ತಡೆಯುತ್ತದೆ, 100 ಮಿಲಿಆಂಪ್ ಕೊಡುತ್ತದೆ, ಅದರ ಸ್ವಿಚಿಂಗ್ (ಒಳಗೆ ಆನ್-ಆಫ್ ಆಗುವ ವೇಗ) 25 ಕಿಲೋಹರ್ಟ್ಸ್ ಹತ್ತಿರ, ಅಂದರೆ ಕಿವಿಗೆ ಕೇಳುವುದೇ ಇಲ್ಲ. ಅವರು ಹೇಳಿದ್ದೂ ಅದನ್ನೇ. "ನಾನು 1054 ಬಿಟ್ಟು ಬೇರೆ ಹಾಕೂದೇ ಇಲ್ಲ ಮಾರಾಯ್ರೆ, ಅದಕ್ಕೇ ರೇಟು ಸ್ವಲ್ಪ ಜಾಸ್ತಿ." ಈ ಮಾತು ನೆನಪಿಟ್ಟುಕೊಳ್ಳಿ. ರೇಟು ಜಾಸ್ತಿ ಅದಕ್ಕೇ ಅಂತೆ.

ಪಾರ್ಸೆಲ್ ದೇವಿಮನೆ ಘಾಟಿ ಇಳಿದು ಬಸ್ಸಿನಲ್ಲಿ ಕುಮಟೆಗೆ ಬಂತು. ಪೆಟ್ಟಿಗೆ ನೋಡಲಿಕ್ಕೆ ಚಂದವೇ. ಜೊತೆಗೆ ಅವರದೇ ಅಡಾಪ್ಟರ್. "ಇದನ್ನೇ ಹಾಕಿ, ಬೇರೆ ಹಾಕಿದ್ರೆ ಗ್ಯಾರಂಟಿ ಇಲ್ಲ" ಅಂತ ಬೇರೆ ಹೇಳಿದರು.

ಹಾಕಿದ ದಿನವೇ ಡಿಸ್ಟಾರ್ಶನ್ ಪೆಡಲ್ ಒತ್ತಿದರೆ ಹಿಂದಿನಿಂದ ಸಣ್ಣಗೆ ಕುಂಯ್ ಅಂತ ಒಂದೇ ಸಮನೆ ಸದ್ದು. ಗೇನ್ (ಪೆಡಲಿನಲ್ಲಿ ಸಿಗ್ನಲ್ ಹೆಚ್ಚಿಸುವ ಗುಂಡಿ) ಏರಿಸಿದಷ್ಟೂ ಜೋರು. ಸ್ವಿಚ್ ಒತ್ತಿದಾಗಲೆಲ್ಲ ಸ್ಪೀಕರಿನಲ್ಲಿ ಠಪ್. ಬೈಪಾಸ್ ಮಾಡಿದರೆ ಗಿಟಾರಿನ ಮೇಲಿನ ಸ್ವರಗಳೆಲ್ಲ ಮಂಕು. ಫೋನ್ ಮಾಡಿದೆ. "ನಿಮ್ಮ ಮನೆ ಅರ್ಥಿಂಗ್ ಸರಿ ಇಲ್ಲ" ಅಂದರು. ರೆಕಾರ್ಡ್ ಮಾಡಿ ಕಳಿಸಿದೆ. "ಕೇಬಲ್ ಬದಲಿಸಿ ನೋಡಿ." ಬದಲಿಸಿದೆ, ಅದೇ ಸದ್ದು. "ಸಮುದ್ರದ ಹವೆ ಅಲ್ವಾ, ಜ್ಯಾಕ್ ಕಿಲುಬು ಹಿಡಿದಿರ್ತದೆ." ಹೊಸ ಪೆಟ್ಟಿಗೆ ರೀ! ಬಂದು ವಾರ ಆಗಿಲ್ಲ, ಕಿಲುಬು ಎಲ್ಲಿಂದ ಬರಬೇಕು? ಕೊನೆಗೆ, "ಇಲ್ಲಿ ಟೆಸ್ಟ್ ಮಾಡಿದಾಗ ಸರೀನೇ ಇತ್ತು." ಈ ಒಂದು ಮಾತಿಗೆ ನಾವು ಏನು ಹೇಳಲಿಕ್ಕೆ ಆಗುತ್ತದೆ ಹೇಳಿ?

ಆಮೇಲೆ ಅಂಕೋಲಾ ಕಡೆ ಒಂದು ಗಣೇಶೋತ್ಸವದ ಕಾರ್ಯಕ್ರಮ. ಜನರೇಟರ್ ಮೇಲೆ ಸ್ಟೇಜ್. ಹಾಡಿನ ಮಧ್ಯದ ಲೀಡ್ ನನ್ನದು. ಓವರ್‌ಡ್ರೈವ್ ಒತ್ತಿದೆ, ಸದ್ದೇ ಇಲ್ಲ. ಸುಟ್ಟ ವಾಸನೆ. ಗಾಯಕರು ತಿರುಗಿ ನೋಡುತ್ತಿದ್ದಾರೆ, ತಬಲಾದವರು ಅದೇ ಸಾಲು ಮತ್ತೆ ಮತ್ತೆ ಬಾರಿಸುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಕುಳಿತವರು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಉಳಿದ ಕಾರ್ಯಕ್ರಮ ಪೂರ್ತಿ ಬರೀ ಗಿಟಾರ್ ನುಡಿಸಿ ಮುಗಿಸಿದೆ. ಪುಣ್ಯಕ್ಕೆ ಡಿಲೇ ಪೆಡಲ್ ಉಳಿಯಿತು.

ಮರುದಿನ ಕುಮಟೆಯಲ್ಲಿ ಪರಿಚಯದ ರಿಪೇರಿ ಅಣ್ಣನ ಹತ್ತಿರ ಒಯ್ದೆ. ತಳದ ಪ್ಲೇಟ್ ಬಿಚ್ಚಿದರೆ ಐಸಿ ಮೇಲೆ ದಪ್ಪಗೆ ಹಾಟ್ ಗ್ಲೂ ಸುರಿದಿದ್ದಾರೆ. ಬೇರೆ ಎಲ್ಲೂ ಇಲ್ಲ, ಐಸಿ ಮೇಲೆ ಮಾತ್ರ. ಅಣ್ಣ ನಿಧಾನ ಅದನ್ನು ಎಬ್ಬಿಸಿ, ಲೆನ್ಸ್ ಹಿಡಿದು ನೋಡಿ, "ನಿಂಗೆ ಯಾವ ಐಸಿ ಅಂದಿದ್ರು?" ಅಂತ ಕೇಳಿದ. 1054 ಅಂದೆ. ಅವನು ಏನೂ ಹೇಳದೆ ಲೆನ್ಸ್ ನನ್ನ ಕೈಗೆ ಕೊಟ್ಟ. 7660. ಸಾದಾ 7660! ಎದೆ ಧಸಕ್ ಅಂದಿತು. ಗ್ಲೂ ಹಾಕಿದ್ದು ಭದ್ರಕ್ಕಲ್ಲ, ನಂಬರ್ ಮುಚ್ಚಲಿಕ್ಕೆ.

ಸಾದಾ 7660 ಕೂಡ ವೋಲ್ಟೇಜ್ ಡಬಲ್ ಮಾಡುವ ಐಸಿಯೇ, ಆದರೆ ಹೆಚ್ಚೆಂದರೆ 10.5 ವೋಲ್ಟ್ ತಡೆಯುತ್ತದೆ. ಅದರ ಸ್ವಿಚಿಂಗ್ 10 ಕಿಲೋಹರ್ಟ್ಸ್ ಸುಮಾರು, ಕಿವಿಗೆ ಚೆನ್ನಾಗಿ ಕೇಳುವ ಸದ್ದು. ಆ ಕುಂಯ್ ಇದೇ. ನನ್ನ ಅರ್ಥಿಂಗೂ ಅಲ್ಲ, ಕೇಬಲ್ಲೂ ಅಲ್ಲ. ಇನ್ನು ಅವರ ಅಡಾಪ್ಟರ್: ಮೇಲೆ 9 ವೋಲ್ಟ್ ಅಂತ ಬರೆದಿದೆ, ಮೀಟರ್ ಹಿಡಿದರೆ ಲೋಡ್ ಇಲ್ಲದಾಗ 12ರ ಮೇಲೆ. ರೆಗ್ಯುಲೇಟೆಡ್ ಅಲ್ಲ. ಲೈನ್ ವೋಲ್ಟೇಜ್ ಏರಿದರೆ ಅದೂ ಏರುತ್ತದೆ. ನಮ್ಮ ಮನೆಯ ಲೋ ವೋಲ್ಟೇಜಿನಲ್ಲಿ ಹೇಗೋ ಉಳಿದಿದ್ದ ಐಸಿ ಜನರೇಟರ್ ವೋಲ್ಟೇಜ್ ಏರಿದಾಗ ಸುಟ್ಟು ಹೋಯಿತು. 18 ವೋಲ್ಟ್ ಲೈನಿಗೆ ಹಾಕಿದ ಕೆಪಾಸಿಟರ್ ಎಷ್ಟರದು ಗೊತ್ತಾ? 16 ವೋಲ್ಟ್ ತನಕ ಮಾತ್ರ ತಡೆಯುವಂಥದು!

ಸ್ವಿಚ್ ಕಥೆಯೂ ಅದೇ. ಟ್ರೂ ಬೈಪಾಸ್ ಜೊತೆ ಎಲ್‌ಇಡಿ ಬೇಕಾದರೆ ಸಾಮಾನ್ಯವಾಗಿ ಒಂಬತ್ತು ಕಾಲಿನ ಸ್ವಿಚ್ (3ಪಿಡಿಟಿ) ಹಾಕುತ್ತಾರೆ. ಇದರಲ್ಲಿ ಇದ್ದದ್ದು ಆರು ಕಾಲಿನದು. ಅರ್ಧ ಎಲ್‌ಇಡಿಗೆ, ಇನ್ನರ್ಧ ಔಟ್‌ಪುಟ್‌ಗೆ. ಇನ್‌ಪುಟ್ ಯಾವಾಗಲೂ ಪೆಡಲ್‌ಗೆ ಅಂಟಿಕೊಂಡೇ ಇದೆ. ಬೈಪಾಸ್‌ನಲ್ಲಿ ಸ್ವರ ಮಂಕಾಗದೆ ಇನ್ನೇನಾಗುತ್ತದೆ? ಠಪ್ ಸದ್ದು ತಡೆಯಲು ಹಾಕುವ 1 ಮೆಗ್‌ಓಮ್ ರೆಸಿಸ್ಟರ್ ಕೂಡ ಇಲ್ಲ.

ಫೋಟೋ ತೆಗೆದು ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಸಂಜೆ. "ಎರಡೂ ಒಂದೇ ಕೆಲಸ ಮಾಡ್ತವೆ." ಒಂದೇ ಆದರೆ ಮುಚ್ಚಿದ್ದು ಯಾಕೆ ಅಂತ ಕೇಳಿದೆ. "ನೀವು ಬಿಚ್ಚಿದ್ದೀರಿ, ಇನ್ನು ಗ್ಯಾರಂಟಿ ಬರೂದಿಲ್ಲ." ದುಡ್ಡು ವಾಪಸ್ ಕೊಡಿ ಅಂದೆ. "ಸರ್ ನಾನು ಕಲಾವಿದರಿಗೆ ಸೇವೆ ಅಂತ ಮಾಡೋದು." ಆಮೇಲೆ ಬ್ಲಾಕ್.

ಇವರ ಹತ್ತಿರ ಅಂತಲ್ಲ, ಯಾರ ಹತ್ತಿರ ಮಾಡಿಸಿದರೂ ಪ್ಲೇಟ್ ಮುಚ್ಚುವ ಮೊದಲು ಒಳಗಿನ ಫೋಟೋ ಕೇಳಿ. ಐಸಿ ನಂಬರ್ ಕಾಣಬೇಕು, ಸ್ವಿಚ್ಚಿನ ಕಾಲು ಎಣಿಸಬೇಕು. ಅಡಾಪ್ಟರಿಗೆ ಮೀಟರ್ ಹಿಡಿಯದೆ ಪೆಡಲ್ ಸಿಕ್ಕಿಸಬೇಡಿ. ಪೂರ್ತಿ ದುಡ್ಡು ಮೊದಲೇ ಕೊಡಲೇಬೇಡಿ, ಗೇನ್ ಪೂರ್ತಿ ಏರಿಸಿ ಕೇಳಿ ನೋಡಿದ ಮೇಲೆ ಕೊಡಿ. ಗ್ಲೂ ಕಂಡರೆ ಅಲ್ಲೇ ಕಿತ್ತು ನೋಡಿ.

ರಿಪೇರಿ ಅಣ್ಣ ನಿಜವಾದ 1054, 25 ವೋಲ್ಟಿನ ಕೆಪಾಸಿಟರ್, ಒಂಬತ್ತು ಕಾಲಿನ ಸ್ವಿಚ್ ಹಾಕಿಕೊಟ್ಟಿದ್ದಾನೆ. ರೆಗ್ಯುಲೇಟೆಡ್ ಅಡಾಪ್ಟರ್ ಬೇರೆ ತಗೊಂಡೆ. ಈಗ ಕುಂಯ್ ಇಲ್ಲ, ಠಪ್ ಇಲ್ಲ. ಆ ಮನುಷ್ಯ ಮಾತ್ರ ಈಗಲೂ "1054, ಟ್ರೂ ಬೈಪಾಸ್" ಅಂತಲೇ ಹೇಳಿ ಮಾರುತ್ತಿದ್ದಾರೆ. ಶಿರಸಿಯಿಂದ ಇಂಥ ಪೆಟ್ಟಿಗೆ ತರಿಸಿಕೊಂಡವರು ಇದ್ದರೆ ಇವತ್ತೇ ಬಿಚ್ಚಿ ನೋಡಿ, ಒಳಗೆ 7660 ಸಿಕ್ಕಿದರೆ ಫೋಟೋ ನನಗೂ ಕಳಿಸಿ. ನಾಲ್ಕು ಜನ ಸೇರಿದರೆ ಒಟ್ಟಿಗೆ ಹೋಗಿ ದುಡ್ಡು ಕೇಳೋಣ.